ಖಡ್ಗದ ಎಣ್ಣೆ ಕ್ಷೌರದ ಕತ್ತಿಗೆ ಒಗ್ಗುವುದೇ?

ಪ್ರಶ್ನೆ: ತಾತನವರ ಮಡಚುವ ಕ್ಷೌರದ ಕತ್ತಿಯನ್ನು ಎರಡು ವರ್ಷಗಳಿಂದ ನಾನೇ ಬಳಸುತ್ತಿದ್ದೇನೆ. ಜಪಾನಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮ, ಅಲ್ಲಿನ ಖಡ್ಗಗಳ ಆರೈಕೆಯ ಪೆಟ್ಟಿಗೆಯೊಂದನ್ನು ತಂದುಕೊಟ್ಟಿದ್ದಾನೆ. ಅದರಲ್ಲಿ ಒಂದು ಸೀಸೆ ಎಣ್ಣೆ, ಕೋಲಿನ ತುದಿಗೆ ಕಟ್ಟಿದ ಪುಡಿಯ ಗಂಟು ಮತ್ತು ತೆಳು ಕಾಗದಗಳಿವೆ. ಇವನ್ನು ಬಳಸಬಹುದೇ? ನಮ್ಮೂರಿನ ಕೊಬ್ಬರಿ ಎಣ್ಣೆಯೇ ಸಾಲದೇ?
– ಓದುಗರು, ತಿಪಟೂರು

ಉತ್ತರ: ಎಣ್ಣೆಯನ್ನು ಅಳುಕಿಲ್ಲದೆ ಬಳಸಿ, ಆದರೆ ಪುಡಿಯನ್ನು ಕತ್ತಿಯ ಹತ್ತಿರಕ್ಕೂ ತರಬೇಡಿ.

‘ಚೋಜಿ’ ಎಂದು ಕರೆಯುವ ಆ ಎಣ್ಣೆಯಲ್ಲಿ ಹೆಸರಿಗೆ ಕಾರಣವಾದ ಲವಂಗದೆಣ್ಣೆ ಇರುವುದು ತೀರ ಸ್ವಲ್ಪ. ಉಳಿದದ್ದೆಲ್ಲ ಇಂದು ಸಾಮಾನ್ಯವಾಗಿ ಶುದ್ಧೀಕರಿಸಿದ ಖನಿಜ ತೈಲ. ಅದು ಗಾಳಿಗೆ ಒಣಗಿ ಅಂಟಾಗುವುದಿಲ್ಲ, ಉಕ್ಕಿಗೆ ತೇವ ತಾಗದಂತೆ ತೆಳ್ಳಗೆ ಹರಡಿ ನಿಲ್ಲುತ್ತದೆ. ಲವಂಗದೆಣ್ಣೆಯನ್ನೇ ನೇರವಾಗಿ ಹಚ್ಚುವ ಯೋಚನೆಯಿದ್ದರೆ ಬಿಟ್ಟುಬಿಡಿ, ಮುಖದ ಚರ್ಮ ಉರಿದೀತು.

ಪುಡಿಯ ಹೆಸರು ‘ಉಚಿಕೊ’. ಖಡ್ಗಕ್ಕೆ ಹೊಳಪು ಕೊಡುವ ಸಾಣೆಕಲ್ಲಿನ ನುಣುಪಾದ ಪುಡಿಯದು. ಅಲಗಿನ ಮೇಲೆ ತಟ್ಟಿದಾಗ ಹಳೆಯ ಎಣ್ಣೆಯನ್ನು ಹೀರಿಕೊಳ್ಳುತ್ತದೆ, ಆಮೇಲೆ ಕಾಗದದಿಂದ ಒರೆಸಿ ತೆಗೆಯುತ್ತಾರೆ. ಎಷ್ಟೇ ನುಣುಪಾಗಿದ್ದರೂ ಅದು ಕಲ್ಲಿನ ಪುಡಿಯೇ ಆದ್ದರಿಂದ, ಪದೇ ಪದೇ ಉಜ್ಜಿದರೆ ಕನ್ನಡಿಯಂತಹ ಅಲಗಿನ ಮೇಲೆ ಸಣ್ಣ ಗೀರುಗಳು ಬೀಳುತ್ತವೆ, ಚಿನ್ನದ ಬಣ್ಣದ ಅಕ್ಷರಗಳಿದ್ದರೆ ಅಳಿಸಿಹೋಗುತ್ತವೆ. ಅದಕ್ಕಿಂತ ಮುಖ್ಯವಾದ ವ್ಯತ್ಯಾಸವೆಂದರೆ, ಖಡ್ಗ ತಿಂಗಳುಗಟ್ಟಲೆ ಒರೆಯೊಳಗೆ ಒಣಗಿದ ಸ್ಥಿತಿಯಲ್ಲೇ ಇರುತ್ತದೆ, ನಿಮ್ಮ ಕತ್ತಿಗಾದರೋ ಬಳಸಿದಾಗಲೆಲ್ಲ ನೀರು, ಸೋಪು ತಾಗುತ್ತವೆ. ಹಾಗಾಗಿ ಇದಕ್ಕೆ ಮೊದಲು ಬೇಕಾದದ್ದು ಚೆನ್ನಾಗಿ ಒಣಗಿಸುವುದು.

ಕ್ಷೌರ ಮುಗಿದ ಮೇಲೆ ಅಲಗನ್ನು ತೊಳೆದು, ಹಲವು ಸಲ ಒಗೆದು ಮೆತ್ತಗಾದ ಹಳೆಯ ಪಂಚೆಯ ಚೂರಿನಿಂದ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಒರೆಸಿ. ಎಂದೂ ಬಾಯಿಯಿಂದ ಬೆನ್ನಿನ ಕಡೆಗೆ ಎಳೆಯಬೇಡಿ. ಹಿಡಿಯ ಕೀಲಿನ ಸಂದಿಯಲ್ಲಿ ನಿಂತ ನೀರನ್ನು ಕಾಗದದ ಮೂಲೆಯಿಂದ ಹೀರಿಸಿ ತೆಗೆಯಿರಿ, ತುಕ್ಕು ಮೊದಲು ಹಿಡಿಯುವುದು ಅಲ್ಲಿಯೇ. ಪೆಟ್ಟಿಗೆಯ ಕಾಗದಗಳನ್ನು ಮೊದಲು ಅಂಗೈಯಲ್ಲಿ ಮುದುರಿ ಮೆತ್ತಗೆ ಮಾಡಿಕೊಳ್ಳಬೇಕು. ಬಟ್ಟೆಯ ಮೇಲೆ ಒಂದು ಹನಿ ಎಣ್ಣೆ ಸಾಕು. ಹಚ್ಚಿದ ಮೇಲೆ ಅಲಗು ಸ್ವಲ್ಪ ಮಂಕಾಗಿ ಕಂಡರೆ ಹದ ಸರಿಯಾಗಿದೆ, ಹನಿಗಟ್ಟಿದರೆ ಹೆಚ್ಚಾಗಿದೆ ಎಂದು ತಿಳಿಯಿರಿ. ಮುಂದಿನ ಸಲ ಚರ್ಮದ ಪಟ್ಟಿಯ ಮೇಲೆ ಎಳೆಯುವ ಮೊದಲು ಎಣ್ಣೆಯನ್ನು ಪೂರ್ತಿ ಒರೆಸಿ, ಇಲ್ಲವಾದರೆ ಪಟ್ಟಿ ಜಿಡ್ಡಾಗುತ್ತದೆ. ನಾಲ್ಕೈದು ದಿನದೊಳಗೆ ಮತ್ತೆ ಬಳಸುವುದಾದರೆ ಎಣ್ಣೆಯ ಅಗತ್ಯವೇ ಇಲ್ಲ.

ಕೊಬ್ಬರಿಯ ಊರಿನವರೇ ಕೇಳಿರುವುದರಿಂದ ನನ್ನ ಅನುಭವವನ್ನೂ ಹೇಳಬೇಕು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಒಂದು ಡಿಸೆಂಬರಿನ ಬೆಳಿಗ್ಗೆ ನನ್ನ ಕತ್ತಿಯನ್ನು ತೆರೆದಾಗ ಕೀಲಿನಲ್ಲಿ ಬೆಳ್ಳಗೆ ಗಟ್ಟಿಯಾಗಿ ಕೂತ ಎಣ್ಣೆಗೆ ಕೂದಲೂ ಸೋಪಿನ ಕಿಟ್ಟವೂ ಅಂಟಿದ್ದವು, ಅದರಡಿಯಲ್ಲಿ ಆಗಲೇ ತುಕ್ಕಿನ ಚುಕ್ಕೆಯಿತ್ತು. ಅಂದಿನಿಂದ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ನನ್ನೇ ಬಳಸುತ್ತಿದ್ದೇನೆ. ನಿಮ್ಮ ತಮ್ಮ ತಂದ ಸೀಸೆ ಖಾಲಿಯಾದ ಮೇಲೆ ನೀವೂ ಅದನ್ನೇ ಬಳಸಬಹುದು. ಅಗಸೆ ಎಣ್ಣೆ ಮಾತ್ರ ಬೇಡ, ಅದು ಒಣಗಿ ವಾರ್ನಿಷಿನಂತೆ ಅಂಟಿಕೊಳ್ಳುತ್ತದೆ.

ಪ್ರಶ್ನೆ: ನನ್ನ ಹಳೆಯ ಕತ್ತಿಯ ಮೇಲೆ ಈಗಾಗಲೇ ತುಕ್ಕಿದೆ. ಅದನ್ನಾದರೂ ಆ ಪುಡಿಯಿಂದ ತೆಗೆಯಬಹುದೇ?
– ಓದುಗರು, ಮಧುಗಿರಿ

ಉತ್ತರ: ಆ ಪುಡಿಗೆ ಅಷ್ಟು ಶಕ್ತಿಯಿಲ್ಲ. ಅಲಗಿನ ಮೈಮೇಲಿನ ಕೆಂಪು ತುಕ್ಕನ್ನು ಲೋಹದ ಪಾಲಿಶ್ ಹಚ್ಚಿದ ಬಟ್ಟೆಯಿಂದ, ಬಾಯಿಗೆ ಕೈ ತಾಗದಂತೆ ಉಜ್ಜಿ ತೆಗೆಯಬಹುದು. ಕಪ್ಪು ಗುಂಡಿಗಳು ಬಾಯಿಯವರೆಗೂ ಬಂದಿದ್ದರೆ ಮಸೆಯುವಾಗ ಅಂಚು ಅಲ್ಲೇ ಮುಕ್ಕಾಗುತ್ತದೆ. ಅಂತಹ ಕತ್ತಿಯಿಂದ ಕ್ಷೌರ ಮಾಡಿಕೊಳ್ಳಬೇಡಿ, ಎಣ್ಣೆ ಸವರಿ ಪೆಟ್ಟಿಗೆಯಲ್ಲಿ ಜೋಪಾನವಾಗಿಡಿ.