ಮೂರನೇ ಕ್ಲಾಸಿಗೆ ಬಂದ್ರೂ ಚಿತ್ರದ ಪುಸ್ತಕಾನೇ ಬೇಕಂತಾಳೆ, ಬಿಡಿಸ್ಬೇಕಾ?

ಪ್ರಶ್ನೆ: ಮಗಳು ಮೂರನೇ ಕ್ಲಾಸ್. ಓದೋದೇನೋ ಓದ್ತಾಳೆ ಮೇಡಂ, ಆದ್ರೆ ಪುಟ ಪುಟಕ್ಕೂ ಚಿತ್ರ ಇರ್ಬೇಕು. ಬರೀ ಅಕ್ಷರ ಇರೋದು ಕೊಟ್ರೆ ಎರಡು ಪುಟ ತಿರುವಿ ಪಕ್ಕಕ್ಕಿಡ್ತಾಳೆ. ಟೀಚರ್ ಚಿತ್ರದ ಪುಸ್ತಕ ಬಿಡಿಸಿ ಅಂದಿದಾರೆ. ಕಾಮಿಕ್ಸ್ ಓದಿದ್ರೆ ಅದು ಓದು ಅಂತ ಲೆಕ್ಕಾನಾ?

ಉತ್ತರ: ಬಿಡಿಸ್ಬೇಡಿ. ಪುಸ್ತಕ ತೆಳ್ಳಗಿದೆ, ಬಣ್ಣ ಜಾಸ್ತಿ ಇದೆ ಅಂದ್ರೆ ಅದು ಪುಟಾಣಿಗಳದ್ದು ಅಂತ ನಾವೇ ತೀರ್ಮಾನ ಮಾಡ್ಬಿಡ್ತೀವಿ. ಚಿತ್ರಪುಸ್ತಕಗಳು ಹೆಚ್ಚಾಗಿ 32 ಪುಟ ಇರೋದು ಪ್ರಿಂಟಿಂಗ್ ಲೆಕ್ಕಕ್ಕೆ, ದೊಡ್ಡ ಶೀಟ್ ಮಡಚಿದಾಗ ಪುಟಗಳು 8ರ, 16ರ ಲೆಕ್ಕದಲ್ಲಿ ಬರ್ತವೆ, ಅದಕ್ಕೂ ಮಗು ಯಾವ ಕ್ಲಾಸು ಅನ್ನೋದಕ್ಕೂ ಸಂಬಂಧ ಇಲ್ಲ. ಇನ್ನೊಂದು, ಇವುಗಳಲ್ಲಿ ತುಂಬಾ ಪುಸ್ತಕ ದೊಡ್ಡವರು ಓದಿ ಹೇಳ್ಲಿ ಅಂತಾನೇ ಬರೆದಿರೋದು, ಹಾಗಾಗಿ ಮಗು ತಾನೇ ಓದೋ ಸುಲಭದ ಪುಸ್ತಕಗಳಿಗಿಂತ ಇವುಗಳಲ್ಲೇ ಕಷ್ಟದ ಪದ ಸಿಗೋದುಂಟು.

ನೀವು ನೋಡ್ಬೇಕಾಗಿರೋದು ಚಿತ್ರ ಏನು ಕೆಲಸ ಮಾಡ್ತಿದೆ ಅಂತ. "ನಾಯಿ ಚೆಂಡು ಹಿಡಿಯಿತು" ಅಂತ ಬರೆದು ಪಕ್ಕದಲ್ಲಿ ಅದರದ್ದೇ ಚಿತ್ರ ಹಾಕಿಟ್ರೆ, ಈಗಷ್ಟೇ ಓದೋಕೆ ಕಲೀತಿರೋ ಮಗು ಅಕ್ಷರ ಬಿಟ್ಟು ಚಿತ್ರ ನೋಡಿ "ನಾಯಿ ಬಾಲ್ ಹಿಡೀತು" ಅನ್ಬಹುದು, ನಮಗೆ ಅರ್ಥ ಸರಿ ಇದೆಯಲ್ಲ ಅನ್ಸುತ್ತೆ, ಆದ್ರೆ ಅದು ಓದಿದ್ದಲ್ಲ, ಊಹೆ. ಇನ್ನೊಂದು ಥರದ ಚಿತ್ರ ಇರುತ್ತೆ: ಮಾತಿನಲ್ಲಿ "ಪುಟ್ಟಿ ಬಹಳ ಹುಷಾರಾಗಿ ಹಾಲು ತಂದಳು" ಅಂತಿದೆ, ಚಿತ್ರದಲ್ಲಿ ನೋಡಿದ್ರೆ ಬಾಗಿಲಿಂದ ಹಾಲಿನ ಹನಿ, ಹಿಂದೆ ಬೆಕ್ಕು. ಎರಡನ್ನೂ ಸೇರಿಸಿದ್ರೆ ಮಾತ್ರ ನಗು ಬರೋದು. ಇಂಥದ್ದು ಎಷ್ಟು ಬೇಕಾದ್ರೂ ಕೊಡಿ, ಹೇಳದೇ ಬಿಟ್ಟಿದ್ದನ್ನ ಅರ್ಥ ಮಾಡ್ಕೊಳೋ ಅಭ್ಯಾಸ ಇಲ್ಲೇ ಆಗೋದು.

ಅನುಮಾನ ಇದ್ರೆ ಒಂದ್ಸಲ ಚಿತ್ರದ ಮೇಲೆ ಪೇಪರ್ ಇಟ್ಟು ಒಂದು ಪುಟ ಓದಿಸಿ. ಓದಿದ್ರೆ ಚಿಂತೆ ಬೇಡ, ಅವಳಿಗೆ ಚಿತ್ರ ಇಷ್ಟ ಅಷ್ಟೇ. ತಡವರಿಸಿದ್ರೆ ಅಕ್ಷರ, ಒತ್ತಕ್ಷರದಲ್ಲೇ ತೊಡಕಿದೆ, ಅದಕ್ಕೆ ಬೇರೆ ಅಭ್ಯಾಸ ಬೇಕು, ಚಿತ್ರ ತೆಗೆದ ಮಾತ್ರಕ್ಕೆ ಸರಿಹೋಗಲ್ಲ.

ಕಾಮಿಕ್ಸ್ ಖಂಡಿತ ಓದೇ. ಒಂದು ಚೌಕಕ್ಕೂ ಇನ್ನೊಂದು ಚೌಕಕ್ಕೂ ಮಧ್ಯೆ ಏನಾಯ್ತು ಅಂತ ಮಗುವೇ ತುಂಬಿಕೊಳ್ಬೇಕು, "ಸಿಟ್ಟಿನಿಂದ ಹೇಳಿದ" ಅಂತ ಯಾರೂ ಹೇಳಲ್ಲ, ಮುಖ ನೋಡಿ ತಿಳ್ಕೋಬೇಕು. ಕೊರತೆ ಒಂದೇ, ಹೆಚ್ಚಿನದು ಮಾತುಕತೆ, ಉದ್ದ ವಾಕ್ಯ, ವರ್ಣನೆ ಕಮ್ಮಿ. ಅದನ್ನ ನೀವು ಓದಿ ಹೇಳಿ ತುಂಬಿ. ಚಿತ್ರ ಇಲ್ಲದ ಕಥೆ ದಿನಕ್ಕೊಂದು ಅಧ್ಯಾಯ, ರಾತ್ರಿ ಮಲಗೋ ಮುಂಚೆ, ಕುತೂಹಲ ಬಂದ ಕಡೆ ನಿಲ್ಲಿಸ್ಬಿಡಿ. ಅವಳು ತಾನೇ ಓದೋಕೆ ಮಾತ್ರ ಸಣ್ಣ ಅಧ್ಯಾಯ, ದೊಡ್ಡ ಅಕ್ಷರ, ಅಲ್ಲಲ್ಲಿ ಕಪ್ಪುಬಿಳುಪು ರೇಖಾಚಿತ್ರ ಇರೋ ಪುಸ್ತಕ ಹುಡುಕಿ. ಬಣ್ಣದ ಪುಟದಿಂದ ಒಂದೇ ಸಲ ಬರೀ ಅಕ್ಷರಕ್ಕೆ ದಬ್ಬಿದ್ರೆ ನಾವಾದ್ರೂ ಪಕ್ಕಕ್ಕಿಡ್ತಿದ್ವಿ.

ವಿಜ್ಞಾನದ ಪುಸ್ತಕ ಆದ್ರೆ ಪಕ್ಕದಲ್ಲಿ ಕೂತ್ಕೊಳ್ಳಿ. ಮಕ್ಕಳು ಚಿತ್ರ ನೋಡಿ ಪುಟ ತಿರುಗಿಸ್ತಾರೆ, ಕೆಳಗಿನ ಸಣ್ಣಕ್ಷರ, ಬಾಣದ ಗುರುತು ಯಾವುದೂ ನೋಡಲ್ಲ. 1658ರಲ್ಲಿ ಕೊಮೆನಿಯಸ್ ಅನ್ನೋ ಶಿಕ್ಷಕ ಮಕ್ಕಳಿಗೆ ಮಾಡಿದ ಸಚಿತ್ರ ಪುಸ್ತಕದಲ್ಲಿ ಚಿತ್ರದ ಒಂದೊಂದು ವಸ್ತುವಿಗೂ ನಂಬರ್ ಹಾಕಿ, ಅದೇ ನಂಬರನ್ನ ಪಾಠದ ಪದಕ್ಕೂ ಹಾಕಿದ್ರು. ನೀವೂ ಅದನ್ನೇ ಮಾಡ್ಬಹುದು, ಪೆನ್ಸಿಲ್ ಸಾಕು (ಲೈಬ್ರರಿ ಪುಸ್ತಕ ಆದ್ರೆ ಬೇಡಪ್ಪ).

ಪ್ರಶ್ನೆ: ಒಂದನೇ ಕ್ಲಾಸಿನ ಮಗ ಒಂದೇ ಚಿತ್ರಪುಸ್ತಕ ದಿನಾ ಓದ್ತಾನೆ. ಓದ್ತಾನೋ ಬಾಯಿಪಾಠಾನೋ ಗೊತ್ತಾಗ್ತಿಲ್ಲ.

ಉತ್ತರ: ಅದರಲ್ಲಿರೋ ಪದಗಳನ್ನೇ ತಗೊಂಡು ಹೊಸ ವಾಕ್ಯ ಮಾಡಿ ಒಂದು ಚೀಟಿಲಿ ಬರೆದು ಕೊಡಿ. ಓದಿದ್ರೆ ಓದ್ತಿದಾನೆ. ಬಾಯಿಪಾಠ ಆಗಿದ್ರೂ ಬೈಬೇಡಿ, ಅದೇ ಪುಸ್ತಕದಲ್ಲಿ ಒಂದೊಂದು ಪದದ ಮೇಲೂ ಬೆರಳಿಟ್ಟು ಹೇಳೋಕೆ ಹೇಳಿ.