ಎರಡು ಪುಟಕ್ಕೇ ನಿಂತುಬಿಡುವ ಓದು

ಪ್ರಶ್ನೆ: ನಾನು ರಸಾಯನಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ನನ್ನ ಮೊದಲ ಪ್ರಬಂಧದ ಕರಡನ್ನು ನೋಡಿದ ಮಾರ್ಗದರ್ಶಕರು, ಫಲಿತಾಂಶಗಳು ಚೆನ್ನಾಗಿದ್ದರೂ ಎರಡು ಪುಟ ಕಳೆಯುವಷ್ಟರಲ್ಲಿ ಓದು ಮುಂದೆ ಸಾಗುವುದಿಲ್ಲ ಎಂದರು. ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ಕ್ರಮವನ್ನು ಪತ್ರಿಕೆಗಳೇ ಕಡ್ಡಾಯ ಮಾಡಿರುವಾಗ ನಾನು ಬದಲಾಯಿಸಬಹುದಾದದ್ದು ಏನು?

ಉತ್ತರ: ಆ ಕ್ರಮವನ್ನು ನೀವು ಮುಟ್ಟಬೇಕಾಗಿಲ್ಲ. ಓದುಗರ ಮನಸ್ಸಿನಲ್ಲಿ ಪ್ರಶ್ನೆ ಎಲ್ಲಿ ಹುಟ್ಟುತ್ತದೆ, ಅದಕ್ಕೆ ಎಷ್ಟು ಬೇಗ ಉತ್ತರ ಸಿಗುತ್ತದೆ ಎಂಬುದನ್ನು ಸರಿಪಡಿಸಿಕೊಂಡರೆ ಸಾಕು.

ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಅವರು ಕಲ್ಕತ್ತೆಯಿಂದ ಬರೆದ, 1928ರ ಮಾರ್ಚ್ 31ರ ‘ನೇಚರ್’ ಸಂಚಿಕೆಯಲ್ಲಿ ಪ್ರಕಟವಾದ, ಮುಂದೆ ‘ರಾಮನ್ ಪರಿಣಾಮ’ ಎನಿಸಿದ ಶೋಧದ ಕಿರುಪತ್ರವನ್ನು ದಯವಿಟ್ಟು ಓದಿ. ಎಕ್ಸ್ ಕಿರಣಗಳಲ್ಲಿ ಭೌತವಿಜ್ಞಾನಿ ಕಾಂಪ್ಟನ್ ಕಂಡಂತೆ ಸಾಮಾನ್ಯ ಬೆಳಕಿನಲ್ಲಿಯೂ ಎರಡು ಬಗೆಯ ಚದುರುವಿಕೆ (ತರಂಗಾಂತರ ಬದಲಾಗದ್ದು ಮತ್ತು ಬದಲಾಗುವಂಥದ್ದು) ಇರಬೇಕಲ್ಲವೇ ಎಂಬ ನಿರೀಕ್ಷೆ ಅದರ ಮೊದಲ ವಾಕ್ಯದಲ್ಲಿಯೇ ಇದೆ. ಎರಡನೆಯ ಬಗೆಯ ಈ ಚದುರುವಿಕೆಯನ್ನು ಕಾಣಲು ಬಹಳ ಪ್ರಖರವಾದ ಬೆಳಕು ಬೇಕು ಎಂದು ಹೇಳಿದ ಮೇಲೆಯೇ, ಸೂರ್ಯನ ಬೆಳಕನ್ನು ಒಟ್ಟುಗೂಡಿಸಿದ 18 ಸೆಂ.ಮೀ. ಅಗಲದ ದೂರದರ್ಶಕ ಮಸೂರದ ವಿವರ ಬರುತ್ತದೆ. ಹೀಗಾಗಿ ಉಪಕರಣದ ವರ್ಣನೆಯೂ ಭಾರವೆನಿಸುವುದಿಲ್ಲ. ನೀಲಿ-ನೇರಳೆ ಮತ್ತು ಹಳದಿ-ಹಸಿರು ಫಿಲ್ಟರುಗಳೆರಡನ್ನೂ ಒಳಬರುವ ಬೆಳಕಿಗೆ ಅಡ್ಡ ಹಿಡಿದರೆ ದ್ರವದಲ್ಲಿನ ಬೆಳಕಿನ ಜಾಡು ಪೂರ್ತಿ ಮಾಯವಾಗುತ್ತದೆ. ಹಳದಿ-ಹಸಿರು ಫಿಲ್ಟರನ್ನು ದ್ರವಕ್ಕೂ ನೋಡುವವರ ಕಣ್ಣಿಗೂ ನಡುವೆ ಇಟ್ಟರೆ ಅದೇ ಜಾಡು ಮತ್ತೆ ಕಾಣುತ್ತದೆ; ಅಂದರೆ ದ್ರವದಲ್ಲಿ ಚದುರುವಾಗ ಸ್ವಲ್ಪ ಬೆಳಕಿನ ಬಣ್ಣ ಬದಲಾಗಿದೆ. ವಿಧಾನ ಮತ್ತು ಪುರಾವೆ ಇಷ್ಟು ಬೆಸೆದುಕೊಂಡಿರುವ ಬರವಣಿಗೆ ಅಪರೂಪ. ಸುಮಾರು 60 ದ್ರವಗಳಲ್ಲಿ ಇದು ಕಂಡಿತೆಂದು ಹೇಳಿದ ಕೂಡಲೇ, ‘ಇದು ಬರೀ ಪ್ರತಿದೀಪ್ತಿ (ಬೆಳಕನ್ನು ಹೀರಿದ ವಸ್ತು ತಾನೇ ಬೇರೆ ಬಣ್ಣದ ಬೆಳಕು ಸೂಸುವುದು) ಇರಬಹುದಲ್ಲ’ ಎಂದು ಯಾರಿಗಾದರೂ ಬರಬಹುದಾದ ಸಂಶಯವನ್ನು ಲೇಖಕರು ತಾವೇ ಎತ್ತಿಕೊಂಡು, ಆ ಬೆಳಕಿನ ಕ್ಷೀಣತೆ ಮತ್ತು ಧ್ರುವೀಕರಣವನ್ನು (ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುವುದನ್ನು) ಮುಂದಿಟ್ಟು ಉತ್ತರಿಸುತ್ತಾರೆ.

ನಿಮ್ಮ ಪೀಠಿಕೆಯಲ್ಲಿ ಕ್ಷೇತ್ರದ ಮಹತ್ವವನ್ನು ಹೊಗಳುವ ಸಾಲುಗಳನ್ನು ತೆಗೆದು, ಇದುವರೆಗೆ ತಿಳಿಯದಿರುವುದು ಯಾವುದು ಎಂಬುದನ್ನು ಬೇಗ ಹೇಳಿ. ಫಲಿತಾಂಶದ ಭಾಗದಲ್ಲಿ ‘ಎಕ್ಸ್‌ಆರ್‌ಡಿ ವಿಶ್ಲೇಷಣೆ’ (ಎಕ್ಸ್ ಕಿರಣಗಳಿಂದ ಹರಳಿನ ರಚನೆ ತಿಳಿಯುವ ಪರೀಕ್ಷೆ) ಎಂಬಂತೆ ಉಪಕರಣದ ಹೆಸರನ್ನೇ ಉಪಶೀರ್ಷಿಕೆಯಾಗಿ ಕೊಡುವ ರೂಢಿ ನಮ್ಮಲ್ಲಿ ಬಲವಾಗಿದೆ. ಅದರ ಬದಲು ‘ಕಾಯಿಸಿದ ಮೇಲೂ ಹರಳಿನ ರಚನೆ ಬದಲಾಗಲಿಲ್ಲ’ ಎಂದು ಬರೆದರೆ ಆ ಭಾಗದ ನಕ್ಷೆಯಲ್ಲಿ (ಗ್ರಾಫ್) ಏನನ್ನು ನೋಡಬೇಕೆಂಬುದು ಓದುಗರಿಗೆ ಮೊದಲೇ ತಿಳಿದಿರುತ್ತದೆ. ಮುಖ್ಯ ಪ್ರಶ್ನೆಗೆ ಉತ್ತರವಾಗದ ಮಾಪನಗಳು, ಅವುಗಳಿಗೆ ನೀವು ಎಷ್ಟೇ ಶ್ರಮಪಟ್ಟಿದ್ದರೂ, ಪೂರಕ ಮಾಹಿತಿಗೆ ಹೋಗಲಿ. ಪ್ರಯೋಗದ ಮಿತಿಗಳನ್ನು ಮಾತ್ರ ಕೊನೆಯ ಪರಿಚ್ಛೇದಕ್ಕೆ ತಳ್ಳಬೇಡಿ. ಯಾವ ನಕ್ಷೆಯನ್ನು ನೋಡಿದಾಗ ಸಂಶಯ ಏಳುತ್ತದೆಯೋ ಅದರ ಕೆಳಗಿನ ವಾಕ್ಯದಲ್ಲಿಯೇ ಅವುಗಳನ್ನು ಹೇಳಿಬಿಡಿ.