ಗೇಮ್ ಹುಚ್ಚಿನಿಂದ ಕ್ಯಾರೆಕ್ಟರ್ ಮಾಡೆಲಿಂಗ್ ಕಲಿಯಬೇಕೆಂದಿದ್ದೇನೆ; 1 ಲಕ್ಷದ ಲ್ಯಾಪ್‌ಟಾಪ್ ಕೊಳ್ಳಲೇ, ಬೆಂಗಳೂರಿನಲ್ಲಿ ಕೋರ್ಸ್ ಸೇರಲೇ?

ಯಾದಗಿರಿಯಲ್ಲಿ ಬಿ.ಕಾಂ. ಓದುತ್ತಿದ್ದೀರಿ, ಎಂಟು ವರ್ಷಗಳಿಂದ ಗೇಮ್ ಆಡುತ್ತಿದ್ದೀರಿ, ಆದ್ದರಿಂದ ಕ್ಯಾರೆಕ್ಟರ್ ಮಾಡೆಲಿಂಗನ್ನು, ಎಂದರೆ ಗೇಮಿನ ಪಾತ್ರಗಳನ್ನು ಕಂಪ್ಯೂಟರಿನಲ್ಲಿ 3ಡಿ ಆಕಾರವಾಗಿ ರೂಪಿಸುವುದನ್ನು, ಬೇಗ ಕಲಿಯಬಲ್ಲೆನೆಂಬ ನಂಬಿಕೆ ನಿಮಗಿದೆ. ಸಾಲದ ಹಣ ಲ್ಯಾಪ್‌ಟಾಪಿಗೋ ಕೋರ್ಸಿಗೋ ಎಂಬುದಷ್ಟೇ ಉಳಿದಿರುವ ಪ್ರಶ್ನೆ ಎಂದು ಬರೆದಿದ್ದೀರಿ. ನಾನು ಕಲಬುರಗಿಯವನು. ಊರಿನ ಹೆಸರೊಂದನ್ನು ಬದಲಿಸಿದರೆ 2017ರಲ್ಲಿ ನಾನೇ ಬರೆಯಬಹುದಾಗಿದ್ದ ಪ್ರಶ್ನೆ ಇದು. ಎರಡೂ ಬೇಡ ಎಂಬುದು ನನ್ನ ಉತ್ತರ. ಹಾಗೆನ್ನಲು ಕಾರಣವಾದ ಒಂದು ಅಂಗಿಯ ಕಥೆಯನ್ನು ಹೇಳುತ್ತೇನೆ.

ಸೂಪರ್ ಮಾರ್ಕೆಟ್ ಹತ್ತಿರದ ಒಂದು ಓಣಿಯಲ್ಲಿ ಗಂಟೆಗೆ 15 ರೂಪಾಯಿ ಕೊಟ್ಟು ಗೇಮ್ ಆಡುವ ಅಂಗಡಿಯಿತ್ತು. 2004ರಲ್ಲಿ ಬಂದ ಸ್ಯಾನ್ ಆಂಡ್ರಿಯಾಸ್ ಗೇಮನ್ನು ನಾನು ಅಲ್ಲಿ ಆಡಿದ್ದು ಎಷ್ಟೋ ವರ್ಷಗಳ ನಂತರ, ಮಸುಕಾದ ಪರದೆಯ ಮೇಲೆ. ಅಂಗಡಿ ಮುಚ್ಚುವ ಹೊತ್ತಿಗೆ ಮನೆಗೆ ಓಡಿಬಂದು ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಗೇಮಿನ ಮುಖಗಳನ್ನು ಬರೆಯುತ್ತಿದ್ದೆ. ಮುಂದೆ ಅಪ್ಪ ತಮ್ಮ ಟೇಲರಿಂಗ್ ಅಂಗಡಿಯ ದುಡ್ಡಿನಲ್ಲಿ ಹಳೆಯ ಕಂಪ್ಯೂಟರೊಂದನ್ನು ಕೊಡಿಸಿದರು. 8 ಜಿಬಿ ರ‍್ಯಾಮ್ ಇತ್ತು, ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಅದರಲ್ಲಿ ಬ್ಲೆಂಡರ್ ಎಂಬ ಪುಕ್ಕಟೆ 3ಡಿ ಸಾಫ್ಟ್‌ವೇರಿನ 2.79 ಆವೃತ್ತಿಯನ್ನು ಹಾಕಿಕೊಂಡೆ. ಆ ಆವೃತ್ತಿಯಲ್ಲಿ ವಸ್ತುವನ್ನು ಆರಿಸಲು ಮೌಸಿನ ಬಲಗುಂಡಿ ಒತ್ತಬೇಕಿತ್ತು. ಅದು ಕೈಗೆ ಹತ್ತುವಷ್ಟರಲ್ಲಿ 2019ರ ಜುಲೈಯಲ್ಲಿ 2.80 ಬಂದು ಎಲ್ಲವನ್ನೂ ಎಡಗುಂಡಿಗೆ ಬದಲಿಸಿತು. ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಎಂದರೆ ಕಳಪೆಯೇ ಇರಬೇಕೆಂದು ಆಗ ನಾನು ಭಾವಿಸಿದ್ದೆ. 2002ರಲ್ಲಿ ಬಳಕೆದಾರರೇ 1 ಲಕ್ಷ ಯೂರೋ ಕೂಡಿಸಿ ಬ್ಲೆಂಡರಿನ ಮೂಲ ಕೋಡನ್ನು ಎಲ್ಲರಿಗೂ ಬಿಡಿಸಿಕೊಟ್ಟರೆಂಬುದು ಆಗ ನನಗೆ ತಿಳಿದಿರಲಿಲ್ಲ.

ಸ್ಕಲ್ಪ್ಟಿಂಗ್ ಎಂಬುದು ಕೈಗೆ ಸಿಕ್ಕ ಮೇಲೆ ನಾನು ಬೇರೇನನ್ನೂ ಕಲಿಯಲಿಲ್ಲ. ಹಸಿ ಮಣ್ಣನ್ನು ಒತ್ತಿದಂತೆ, ಎಳೆದಂತೆ ಪರದೆಯ ಮೇಲಿನ ಗೋಲದಿಂದ ಮೂಗು ಹೊರಡುತ್ತದೆ, ತುಟಿ ಮೂಡುತ್ತದೆ. ಕಂಪ್ಯೂಟರಿನಲ್ಲಿ ಇಂಥ ಆಕಾರವೆಲ್ಲ ಸಣ್ಣ ತ್ರಿಕೋನಗಳ ಜೋಡಣೆ; ಅದಕ್ಕೆಂದೇ ಇರುವ ಆಯ್ಕೆಯನ್ನು ಆನ್ ಮಾಡಿದರೆ ಬ್ರಷ್ ತಾಗಿದಲ್ಲೆಲ್ಲ ಸಾಫ್ಟ್‌ವೇರ್ ತಾನಾಗಿಯೇ ತ್ರಿಕೋನಗಳನ್ನು ಒಡೆದು ಸಣ್ಣದಾಗಿಸಿಕೊಡುತ್ತದೆ. ಎರಡು ವರ್ಷ ಬರೀ ಮುಖಗಳನ್ನು ಮಾಡಿದೆ. ಬೇಸಿಗೆಯಲ್ಲಿ ಊರು 42 ಡಿಗ್ರಿ ದಾಟಿದಾಗ ಕಂಪ್ಯೂಟರ್ ಬಿಸಿಯಾಗಿ ತಾನೇ ಆರಿಹೋಗುತ್ತಿತ್ತು. ಡಬ್ಬಿಯ ಪಕ್ಕದ ಮುಚ್ಚಳ ತೆಗೆದು ಟೇಬಲ್ ಫ್ಯಾನನ್ನು ಅದರ ಕಡೆಗೆ ತಿರುಗಿಸಿ ನಾನು ಬೆವರುತ್ತಾ ಕೂರುತ್ತಿದ್ದೆ. ಗೆಳೆಯರು ಹೊಗಳಿದರು. ಯಾರೂ, ನಾನೂ ಸೇರಿ, ಆ ಮುಖದ ತ್ರಿಕೋನಗಳ ಅಂಚುಗಳಿಂದಾದ ತಂತಿಬಲೆಯನ್ನು ಒಮ್ಮೆಯೂ ತೆರೆದು ನೋಡಲಿಲ್ಲ.

2020ರ ಆರಂಭದಲ್ಲಿ ಬೆಂಗಳೂರಿನ ಒಂದು ಗೇಮ್ ಸ್ಟುಡಿಯೋ ನನಗೆ ಆರ್ಟ್ ಟೆಸ್ಟ್, ಎಂದರೆ ಕೆಲಸ ಕೊಡುವ ಮುನ್ನ ಕೈಚಳಕ ನೋಡುವ ಪರೀಕ್ಷೆ, ಕಳಿಸಿತು. ರೇಖಾಚಿತ್ರದಲ್ಲಿದ್ದ ಮುದಿ ಕಾವಲುಗಾರನೊಬ್ಬನನ್ನು 7 ದಿನಗಳಲ್ಲಿ ಮಾಡಿ ಕಳಿಸಬೇಕು; 20,000 ತ್ರಿಕೋನಗಳ ಮಿತಿಯನ್ನು ದಾಟಬಾರದು; ತೋಳುಗಳು ಮೈಯಿಂದ ಸ್ವಲ್ಪ ದೂರವಾಗಿ ಓರೆಯಲ್ಲಿ ಇಳಿದಿರಬೇಕು; ಮಾಡೆಲಿನ ಕೈಕಾಲು ಅಲ್ಲಾಡಿಸುವ ಕಾಲ್ಪನಿಕ ಮೂಳೆಗಳನ್ನು ಒಳಗೆ ಕೂರಿಸಿ ಆಡಿಸಿ ನೋಡುವ ಕೆಲಸ ತಮ್ಮದು ಎಂದು ಅವರು ಬರೆದಿದ್ದರು. ಆ ಕೊನೆಯ ವಾಕ್ಯವನ್ನು ಓದಿದೆನಾದರೂ ಅದು ನನಗೆ ಹೇಳಿದ ಮಾತೆಂದು ನನಗೆ ಅನಿಸಲೇ ಇಲ್ಲ. ಐದು ದಿನ ಮುದುಕನ ಹಣೆಯ ಗೆರೆ, ಕಣ್ಣಂಚಿನ ಸುಕ್ಕು, ಮೂಗಿನ ಮೇಲಿನ ಸಣ್ಣ ತೂತುಗಳಲ್ಲೇ ಕಳೆದವು. ಆರನೆಯ ರಾತ್ರಿ ನೋಡಿದರೆ ಮಾಡೆಲ್‌ನಲ್ಲಿ 12 ಲಕ್ಷ ತ್ರಿಕೋನಗಳಿದ್ದವು. ಡೆಸಿಮೇಟ್ ಎಂಬ ಆಯ್ಕೆಯನ್ನು ತೆರೆದು 0.0166 ಎಂದು ಬರೆದೆ; ಅಷ್ಟು ಪಾಲು ತ್ರಿಕೋನಗಳನ್ನು ಮಾತ್ರ ಉಳಿಸು ಎಂದರ್ಥ. 12 ಲಕ್ಷ ಇದ್ದದ್ದು 20,000ದ ಒಳಗೆ ಇಳಿಯಿತು, ಮುಖ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು, ನಾನು ಖುಷಿಯಿಂದ ಫೈಲ್ ಕಳಿಸಿ ಮಲಗಿದೆ.

ನನ್ನ ತಪ್ಪು ಇದೇ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡೆಸಿಮೇಟ್ ಎಂಬುದು ಆಕಾರ ಹೆಚ್ಚು ಏರಿಳಿಯದ ಜಾಗಗಳನ್ನು ಹುಡುಕಿ, ಅಲ್ಲಿನ ಅಂಚುಗಳನ್ನು ಒಂದರಲ್ಲೊಂದು ಸೇರಿಸಿ, ತ್ರಿಕೋನಗಳನ್ನು ಕಡಿಮೆ ಮಾಡುತ್ತದೆ. ನಿಂತ ಬಂಡೆಗೋ ಮುರಿದ ಕಂಬಕ್ಕೋ ಅಷ್ಟು ಸಾಕು. ಆದರೆ ನೇರವಾಗಿ ಚಾಚಿದ ತೋಳಿನಲ್ಲಿ ಮೊಣಕೈಯೂ ಒಂದು ನುಣುಪಾದ ಜಾಗವೇ ಆಗಿರುವುದರಿಂದ ಅದು ಮೊದಲು ಕತ್ತರಿಸಿದ್ದೇ ಅಲ್ಲಿ. ಬಗಲಿನಲ್ಲೂ ಹಾಗೆಯೇ, ಮೊಣಕಾಲಿನಲ್ಲೂ ಹಾಗೆಯೇ. ಅಷ್ಟಾಗಿ ಅಲ್ಲಾಡದ ಹಣೆಯ ಸುಕ್ಕುಗಳಲ್ಲಿ ಏರಿಳಿತ ಹೆಚ್ಚಿದ್ದುದರಿಂದ ಉಳಿದ ತ್ರಿಕೋನಗಳೆಲ್ಲ ಅಲ್ಲಿ ಹೋಗಿ ಗುಂಪುಗೂಡಿದ್ದವು. ಎಂದರೆ, ಬಗ್ಗಬೇಕಾದ ಕಡೆ ಬಲೆಯೇ ಇರಲಿಲ್ಲ. ಇದ್ದ ಕೆಲವು ತ್ರಿಕೋನಗಳೂ ಒಡೆದ ಗಾಜಿನ ಚೂರುಗಳಂತೆ ದಿಕ್ಕಾಪಾಲಾಗಿದ್ದವು. ಮೂಳೆ ತಿರುಗಿದಾಗ ಯಾವ ಬಿಂದು ಮೇಲ್ತೋಳಿನ ಜೊತೆ ಹೋಗಬೇಕು, ಯಾವುದು ಮುಂಗೈ ಜೊತೆ ಹೋಗಬೇಕು ಎಂದು ಹಂಚಲು ಅಲ್ಲಿ ಬಿಂದುಗಳ ಸಾಲುಗಳೇ ಇರಲಿಲ್ಲ. ಬಾಯಿಯಂತೂ ಒಂದೇ ತೊಗಲು. ತುಟಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಒಳಗೆ ಹಲ್ಲಾಗಲಿ ನಾಲಿಗೆಯಾಗಲಿ ಇರಲಿಲ್ಲ. ಕಾವಲುಗಾರನಿಗೆ ಕೂಗುವುದಕ್ಕೂ ಬರುತ್ತಿರಲಿಲ್ಲ.

ಫೈಲ್ ಕಳಿಸಿದ ನಾಲ್ಕನೆಯ ದಿನಕ್ಕೆ ಸ್ಟುಡಿಯೋದಿಂದ ಎರಡು ಸಾಲಿನ ಉತ್ತರ ಬಂತು, ಜೊತೆಗೆ ಒಂದು ಚಿತ್ರವಿತ್ತು. ಮುದುಕ ಲಾಟೀನು ಹಿಡಿಯಲು ಕೈ ಎತ್ತಿದ್ದ. ಬಗಲಿನ ಅಂಗಿಯೂ ಪಕ್ಕೆಯ ಅಂಗಿಯೂ ಒಟ್ಟಿಗೆ ಎಳೆದುಕೊಂಡು ಬಾವಲಿಯ ರೆಕ್ಕೆಯಂತೆ ಚಾಚಿತ್ತು, ಮೊಣಕೈ ಹಿಂಡಿದ ಟವೆಲಿನಂತೆ ಸಣ್ಣಗಾಗಿತ್ತು. ಅದನ್ನು ಅಂಗಡಿಯಲ್ಲಿ ಕೂತು ಫೋನಿನಲ್ಲಿ ನೋಡುತ್ತಿದ್ದಾಗ ಅಪ್ಪ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

"ಈ ಅಂಗಿ ಯಾರ್ ಹೊಲದಾರೋ ತಮ್ಮಾ? ಕೈ ಎತ್ತಿದ್ರ ಬಗಲಾಗ ಹರೀತದ."

ನಾನೇ ಮಾಡಿದ್ದೆಂದು ಹೇಳಿದೆ. ಅವರು ನಗಲಿಲ್ಲ. "ನಿಂತಾಂವನ ಅಳತಿ ಅಷ್ಟೇ ತಗೊಂಡು ಹೊಲ್ದ್ರ ಹಿಂಗೇ ಆಗ್ತದ. ಕೈ ಎತ್ತಸ್ಬೇಕು, ಕುಂದ್ರಸ್ಬೇಕು, ಆಮ್ಯಾಗ ಕತ್ತರಿ ಹಿಡೀಬೇಕು" ಎಂದು ಹೇಳಿ ಮತ್ತೆ ಮಷೀನಿಗೆ ಹೋದರು.

ರಿಟೋಪಾಲಜಿ ಎಂದು ಈ ವೃತ್ತಿಯಲ್ಲಿ ಕರೆಯುವುದು ಹೆಚ್ಚುಕಡಿಮೆ ಇದನ್ನೇ. ಲಕ್ಷಗಟ್ಟಲೆ ತ್ರಿಕೋನಗಳ ಸ್ಕಲ್ಪ್ಟಿನ ಮೇಲೆ, ಅದರ ಮೈಗೆ ಅಂಟಿಕೊಳ್ಳುವಂತೆ ಸ್ನ್ಯಾಪ್ ಹಾಕಿಕೊಂಡು, ನಾಲ್ಕು ಮೂಲೆಯ ಸಣ್ಣ ತುಂಡುಗಳಿಂದ ಹಗುರವಾದ ಹೊಸ ಬಲೆಯೊಂದನ್ನು ಕೈಯಾರೆ ನೇಯಬೇಕು. ಮೊಣಕೈಗೆ ಕನಿಷ್ಠ ಮೂರು ಸುತ್ತುಸಾಲುಗಳು ಬೇಕು; ಮಡಚುವ ಒಳಬದಿಯಲ್ಲಿ ಅವು ಹತ್ತಿರ ಹತ್ತಿರವಾಗಿಯೂ, ಹೊರಬದಿಯಲ್ಲಿ ಅಗಲವಾಗಿಯೂ ಇರಬೇಕು. ಕಣ್ಣಿನ ಸುತ್ತ ಮತ್ತು ಬಾಯಿಯ ಸುತ್ತ ಉಂಗುರಗಳಂತೆ ಸಾಲುಗಳು ಹೋಗಬೇಕು, ಏಕೆಂದರೆ ಅಲ್ಲಿನ ಸ್ನಾಯುಗಳೂ ಉಂಗುರದಂತೆಯೇ ಇವೆ. ಇದಾದ ಮೇಲೆ ಯುವಿ ಬಿಡಿಸುವ, ಎಂದರೆ ಬಣ್ಣ ಹಚ್ಚಲೆಂದು ಮಾಡೆಲಿನ ಮೈಯನ್ನು ಸಪಾಟಾಗಿ ಹರಡುವ ಕೆಲಸ ಬರುತ್ತದೆ. ಅದನ್ನು ನಾನು ಕಲಿತದ್ದು ಅಪ್ಪನ ಕಟಿಂಗ್ ಟೇಬಲಿನ ಪಕ್ಕದಲ್ಲಿ ನಿಂತು: ಅಂಗಿಯ ಮುಂಭಾಗದ ಎರಡು ತುಂಡು, ಬೆನ್ನು, ಹೆಗಲಪಟ್ಟಿ, ತೋಳುಗಳು, ಕಾಲರ್ ಎಲ್ಲವೂ ಸಪಾಟಾಗಿ ಹರಡಿರುತ್ತವೆ, ಹೊಲಿಗೆ ಕಣ್ಣಿಗೆ ಬೀಳದ ಕಡೆಗೇ ಹೋಗುತ್ತದೆ. ಮಾಡೆಲಿನ ಮೈಯನ್ನೂ ಹಾಗೆಯೇ ಕತ್ತರಿಸಿ ಹರಡಿದರೆ ಬಣ್ಣ ಹಚ್ಚಲು ಬಟ್ಟೆ ಸಿದ್ಧವಾದಂತೆ.

ಹಾಗಾದರೆ ಐದು ದಿನ ಕೆತ್ತಿದ ಸುಕ್ಕುಗಳು ಎಲ್ಲಿ ಹೋದವು ಎಂದು ನೀವು ಕೇಳಬಹುದು. ಅವನ್ನು ನಾರ್ಮಲ್ ಮ್ಯಾಪ್ ಎಂಬ ಚಿತ್ರದೊಳಗೆ ಬೇಕ್ ಮಾಡಿ, ಎಂದರೆ ಅಚ್ಚಿಳಿಸಿ, ಹಗುರ ಬಲೆಯ ಮೇಲೆ ಹೊದಿಸುತ್ತಾರೆ. ಬಲೆ ಸಪಾಟಾಗಿಯೇ ಇರುತ್ತದೆ, ಬೆಳಕು ಮಾತ್ರ ಅಲ್ಲಿ ಗುಂಡಿ-ದಿಬ್ಬ ಇದ್ದಂತೆ ನಡೆದುಕೊಳ್ಳುತ್ತದೆ. ಇದರ ಮರ್ಮ ನನಗೆ ಹೊಳೆದದ್ದು ನಮ್ಮದೇ ಜಿಲ್ಲೆಯ ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ, ಬ್ರಾಹ್ಮಿಯಲ್ಲಿ 'ರಾಯ ಅಸೋಕೋ' ಎಂದು ಕೆತ್ತಿದ ಅಶೋಕನ ಉಬ್ಬುಶಿಲ್ಪವಿರುವ ಜಾಗದಲ್ಲಿ. ಓರೆ ಬೆಳಕು ಬಿದ್ದಾಗ ಆ ಸುಣ್ಣಕಲ್ಲಿನ ಹಲಗೆಗಳಲ್ಲಿ ಜನ ಮುಂದೆ ಹೆಜ್ಜೆಯಿಟ್ಟಂತೆ ಕಾಣುತ್ತಾರೆ. ಪಕ್ಕಕ್ಕೆ ಸರಿದು ಅಂಚಿನಿಂದ ನೋಡಿದರೆ ಕೆತ್ತನೆಯ ಆಳ ಎಷ್ಟು ಕಡಿಮೆ ಎಂದು ತಿಳಿಯುತ್ತದೆ. ನಾರ್ಮಲ್ ಮ್ಯಾಪಿನ ಗುಟ್ಟು ರಟ್ಟಾಗುವುದೂ ಮಾಡೆಲಿನ ಅಂಚಿನಲ್ಲಿಯೇ. ಆದ್ದರಿಂದ ಮೂಗು, ಗದ್ದ, ಹೆಗಲುಗಳಂಥ ಹೊರರೇಖೆಯ ಭಾಗಗಳಿಗೆ ನಿಜವಾದ ತ್ರಿಕೋನಗಳನ್ನು ಖರ್ಚು ಮಾಡಬೇಕು, ಸುಕ್ಕುಗಳಿಗೆ ಮಾಡಬಾರದು.

ಇನ್ನು ನಿಮ್ಮ ಎಂಟು ವರ್ಷಗಳ ಆಟದ ವಿಷಯ. ಬೇಸರ ಮಾಡಿಕೊಳ್ಳಬೇಡಿ, ಅದು ಅರ್ಹತೆಯೆಂದು ನಾನು ಒಪ್ಪುವುದಿಲ್ಲ. ಸ್ಯಾನ್ ಆಂಡ್ರಿಯಾಸ್ ಆಡಿದ ನೂರಾರು ಗಂಟೆಗಳಲ್ಲಿ ನಾನು ನಿಜವಾಗಿ ನೋಡುತ್ತಿದ್ದದ್ದು ನಾಯಕನ ಬೆನ್ನನ್ನು, ಏಕೆಂದರೆ ಆ ಬಗೆಯ ಗೇಮುಗಳಲ್ಲಿ ಕ್ಯಾಮೆರಾ ಹಿಂದೆ ಇರುತ್ತದೆ. ಹೆಗಲು, ಕತ್ತಿನ ಹಿಂಭಾಗ, ಓಡುವಾಗ ಮಡಚುವ ಮೊಣಕೈ ಇವೇ ದಿನವಿಡೀ ಕಣ್ಣ ಮುಂದಿದ್ದವು. ಆದರೂ ಟೆಸ್ಟ್ ಬಂದಾಗ ನಾನು ಐದು ದಿನಗಳನ್ನು ಮುಖಕ್ಕೆ ಕೊಟ್ಟೆ, ಬೆನ್ನಿಗೆ ಅರ್ಧ ಗಂಟೆಯನ್ನೂ ಕೊಡಲಿಲ್ಲ. ಆಡುವವನ ಕಣ್ಣು ಗೆಲ್ಲುವುದರ ಮೇಲಿರುತ್ತದೆ. ನೂರು ಗಂಟೆ ನೋಡಿದ್ದೂ ಅದಕ್ಕೆ ಕಂಡಿರುವುದಿಲ್ಲ.

ಸಾಲದ ಲ್ಯಾಪ್‌ಟಾಪ್ ನನ್ನ ಬಳಿ ಇದ್ದಿದ್ದರೆ 12 ಲಕ್ಷದ ಬದಲು 1 ಕೋಟಿ ತ್ರಿಕೋನಗಳ ಮುದುಕನನ್ನು ಮಾಡುತ್ತಿದ್ದೆ, ಬಗಲು ಆಗಲೂ ಹರಿಯುತ್ತಿತ್ತು. ಹಳೆಯ ಕಂಪ್ಯೂಟರಿನಲ್ಲಿ ಭಾರವಾದ ಮಾಡೆಲ್ ಹೊರಳುವುದಿಲ್ಲ, ಹಾಗಾಗಿ ಅದು ನಿಮ್ಮನ್ನು ಮೊದಲಿನಿಂದಲೇ ಜಿಪುಣರನ್ನಾಗಿ ಮಾಡುತ್ತದೆ. ಕಲಿಯುವವರಿಗೆ ಅದು ಒಳ್ಳೆಯದೇ. ನಾಲ್ಕೈದು ಸಾವಿರ ರೂಪಾಯಿಗೆ ಒತ್ತಡ ಗುರುತಿಸುವ ಸಣ್ಣ ಪೆನ್ ಟ್ಯಾಬ್ಲೆಟ್ ಸಿಗುತ್ತದೆ, ಅದನ್ನು ಕೊಳ್ಳಿ. ಚಿತ್ರಕ್ಕೆ ಕ್ರಿಟಾ, ಮಾಡೆಲಿಂಗಿಗೆ ಬ್ಲೆಂಡರ್. ಎರಡಕ್ಕೂ ಹಣ ಕೊಡಬೇಕಾಗಿಲ್ಲ. ಝೀಬ್ರಷ್, ಮಾಯಾಗಳಂಥ ಹಣ ಕೊಡಬೇಕಾದ ಸಾಫ್ಟ್‌ವೇರ್‌ಗಳನ್ನು ಸಂಬಳ ಕೊಡುವವರು ಕೇಳಿದಾಗ ಕಲಿತರಾಯಿತು. ಕೋರ್ಸಿಗೆ ಸೇರಲೇಬೇಕೆಂದು ಮನೆಯವರು ಹಟ ಹಿಡಿದರೆ, ಹಣ ಕಟ್ಟುವ ಮೊದಲು ಆ ಸಂಸ್ಥೆಯ ಹಳೆಯ ವಿದ್ಯಾರ್ಥಿಯೊಬ್ಬರ ಮಾಡೆಲಿನ ತಂತಿಬಲೆಯನ್ನು ತೋರಿಸಲು ಕೇಳಿ. ಬರೀ ಹೊಳೆಯುವ ಮುಖಗಳನ್ನು ತೋರಿಸಿದರೆ ಬಸ್ ಹತ್ತಿ ಊರಿಗೆ ಬನ್ನಿ.

ಮುಂದಿನ ತಿಂಗಳು ಪೂರ್ತಿ ಒಂದೇ ತೋಳು ಮಾಡಿ. ಅಂಗಿ ತೊಟ್ಟ ತೋಳು, ಹೆಗಲಿನಿಂದ ಮಣಿಕಟ್ಟಿನವರೆಗೆ, 600 ತ್ರಿಕೋನಗಳ ಒಳಗೆ. ಎರಡು ಮೂಳೆ ಕೂರಿಸಿ ಮೊಣಕೈಯನ್ನು ಪೂರ್ತಿ ಮಡಚಿ, ತೋಳನ್ನು ಕಿವಿಯ ತನಕ ಎತ್ತಿ. ಎಲ್ಲಿ ಸಣ್ಣಗಾಗುತ್ತದೆಯೋ ಅಲ್ಲಿ ಸಾಲು ಸೇರಿಸಿ, ಎಲ್ಲಿ ಏನೂ ಆಗುವುದಿಲ್ಲವೋ ಅಲ್ಲಿಂದ ತೆಗೆಯಿರಿ. ನಾನು ಇಂದು ಮನೆಯಲ್ಲೇ ಕೂತು ಗೇಮ್ ಸ್ಟುಡಿಯೋಗಳಿಗೆ ಪಾತ್ರಗಳ ಉಡುಪು ಮಾಡಿಕೊಟ್ಟು ಜೀವನ ಮಾಡುತ್ತಿದ್ದೇನೆ. ಕಳಿಸುವ ಮೊದಲು ಪ್ರತಿ ಪಾತ್ರಕ್ಕೂ ಕೈ ಎತ್ತಿಸಿ, ಕೂರಿಸಿ, ಅಪ್ಪನಿಗೆ ತೋರಿಸುತ್ತೇನೆ. ಹೋದ ವಾರವೂ ಒಂದು ಜುಬ್ಬದ ಬಗಲಿಗೆ ಚೌಕ ತುಂಡು ಹಾಕು ಎಂದು ವಾಪಸ್ ಕಳಿಸಿದರು.